ಯೆಸ್ ಬ್ಯಾಂಡಿನ ಐವರು, ಐದು ಸೋಲೊ ಆಲ್ಬಂ: ಒಂದೊಂದರಲ್ಲೂ ಏನು ಇಲ್ಲ?

ಬಾಸ್ ಪ್ರಿಯ

ಬ್ರಿಟನ್ನಿನ ಪ್ರೊಗ್ರೆಸಿವ್ ರಾಕ್ (ಶಾಸ್ತ್ರೀಯ, ಜ್ಯಾಜ್ ಎಲ್ಲ ಬೆರೆಸಿ ಉದ್ದುದ್ದ ಹಾಡು ಕಟ್ಟುವ ರಾಕ್) ಬ್ಯಾಂಡ್ ಯೆಸ್ ಬಗ್ಗೆ ಈ ಚರ್ಚಾ ವೇದಿಕೆಯಲ್ಲಿ ಬೇಕಾದಷ್ಟು ಮಾತಾಗಿದೆ. ಆದರೆ 1975-76ರಲ್ಲಿ ಅದರ ಐವರೂ ತಲಾ ಒಂದು ಸೋಲೊ ಆಲ್ಬಂ ಮಾಡಿದರಲ್ಲ, ಆ ಐದನ್ನೂ ಪಕ್ಕಪಕ್ಕ ಇಟ್ಟು ಯಾರೂ ಮಾತಾಡಿದ್ದು ಕಾಣಲಿಲ್ಲ. ನನಗೆ ಬಹಳ ಇಷ್ಟದ ವಿಷಯ ಇದು. ಅದಕ್ಕೇ ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1974ರಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ರಿಕ್ ವೇಕ್‌ಮನ್ ಬ್ಯಾಂಡ್ ಬಿಟ್ಟರು. ಆ ಜಾಗಕ್ಕೆ ಸ್ವಿಟ್ಜರ್ಲೆಂಡಿನ ಪ್ಯಾಟ್ರಿಕ್ ಮೊರಾಜ್ ಬಂದರು. ಅದೇ ವರ್ಷ 'ರಿಲೇಯರ್' ಹೊರಬಂತು. ಅದರ ಪ್ರವಾಸ ಮುಗಿಸಿ ಬ್ಯಾಂಡ್ ದೊಡ್ಡ ಬಿಡುವು ತೆಗೆದುಕೊಂಡಿತು. ಆ ಬಿಡುವಿನಲ್ಲಿ ಐವರೂ ತಮ್ಮ ತಮ್ಮ ಆಲ್ಬಂಗೆ ಕೈ ಹಾಕಿದರು. ಗಿಟಾರಿಸ್ಟ್ ಸ್ಟೀವ್ ಹೌ ಅವರ 'ಬಿಗಿನಿಂಗ್ಸ್' 1975ರ ಅಕ್ಟೋಬರ್ ಕೊನೆಗೆ ಬಂತು. ಅದರ ಬೆನ್ನಿಗೇ ನವೆಂಬರಿನಲ್ಲಿ ಬಾಸ್ (ತಗ್ಗು ದನಿಯ ಗಿಟಾರ್) ನುಡಿಸುತ್ತಿದ್ದ ಕ್ರಿಸ್ ಸ್ಕ್ವೈರ್ ಅವರ 'ಫಿಶ್ ಔಟ್ ಆಫ್ ವಾಟರ್'. 1976ರಲ್ಲಿ ಡ್ರಮ್ಮರ್ ಆಲನ್ ವೈಟ್ ಅವರ 'ರಾಮ್‌ಶಾಕಲ್ಡ್', ಮೊರಾಜ್ ಅವರ 'ದ ಸ್ಟೋರಿ ಆಫ್ ಐ', ಜುಲೈಯಲ್ಲಿ ಗಾಯಕ ಜಾನ್ ಆಂಡರ್ಸನ್ ಅವರ 'ಒಲಿಯಾಸ್ ಆಫ್ ಸನ್‌ಹಿಲೋ'.

ನನ್ನ ವಾದ ಇಷ್ಟೇ. ಯಾವುದು ಒಂದನೇದು, ಯಾವುದು ಐದನೇದು ಅಂತ ಸುಮ್ನೆ ಅಂಕ ಹಾಕುವುದಕ್ಕಿಂತ, ಒಂದೊಂದರಲ್ಲೂ ಏನು ಇಲ್ಲ ಅಂತ ನೋಡಿ. ಸ್ಕ್ವೈರ್ ಆಲ್ಬಂನಲ್ಲಿ ಲೀಡ್ ಗಿಟಾರಿಸ್ಟ್ ಇಲ್ಲ. ಆಂಡರ್ಸನ್ ಆಲ್ಬಂನಲ್ಲಿ ನುಡಿಸೋಕೆ ಬೇರೆ ಮನುಷ್ಯರೇ ಇಲ್ಲ. ಹೌ ಆಲ್ಬಂನಲ್ಲಿ ಸರಿಯಾದ ಗಾಯಕ ಇಲ್ಲ. ವೈಟ್ ಆಲ್ಬಂನಲ್ಲಿ ಯೆಸ್ಸೇ ಇಲ್ಲ. ಮೊರಾಜ್ ಆಲ್ಬಂನಲ್ಲಿ 'ಸಾಕು' ಅನ್ನುವವರು ಇಲ್ಲ. ಹೀಗೆ ಕೇಳಿದಾಗ ಬ್ಯಾಂಡಿನ ಒಳಗೆ ಯಾರು ಯಾರ ಕೊರತೆ ತುಂಬುತ್ತಿದ್ದರು ಅನ್ನೋದು ಬೇರೆ ಯಾವ ದಾರಿಯಿಂದಲೂ ತಿಳಿಯದಷ್ಟು ಸ್ಪಷ್ಟವಾಗಿ ತಿಳಿಯುತ್ತದೆ.

ಮೊದಲು ಸ್ಕ್ವೈರ್. ನನ್ನ ಮಟ್ಟಿಗೆ ಐದರಲ್ಲಿ ಇದೇ ಗಟ್ಟಿ. ಇಂಗ್ಲೆಂಡಿನ ವರ್ಜೀನಿಯಾ ವಾಟರ್‌ನ ತಮ್ಮ ಮನೆಯಲ್ಲಿ ಕಟ್ಟಿಸಿಕೊಂಡ ಸ್ಟುಡಿಯೊದಲ್ಲಿ ಕೆಲಸ ಮಾಡಿದರು. ಡ್ರಮ್ಸ್‌ಗೆ ಕರೆದದ್ದು ಬಿಲ್ ಬ್ರೂಫರ್ಡ್ ಅವರನ್ನು. ಬ್ರೂಫರ್ಡ್ 1972ರಲ್ಲೇ ಯೆಸ್ ಬಿಟ್ಟು ಕಿಂಗ್ ಕ್ರಿಮ್ಸನ್ ಅನ್ನುವ ಬ್ಯಾಂಡ್ ಸೇರಿದ್ದವರು. ಆದರೂ ಆ ಇಬ್ಬರೂ ಮತ್ತೆ ಜೊತೆಯಾದಾಗ ನಡುವೆ ಮೂರು ವರ್ಷ ಕಳೆದಿದೆ ಅಂತ ಅನ್ನಿಸುವುದೇ ಇಲ್ಲ. ಮೊದಲ ಹಾಡು 'ಹೋಲ್ಡ್ ಔಟ್ ಯುವರ್ ಹ್ಯಾಂಡ್' ಶುರುವಾಗುವುದು ಪೈಪ್ ಆರ್ಗನ್‌ನಿಂದ. ನುಡಿಸಿದವರು ಬ್ಯಾರಿ ರೋಸ್, ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನ ಆರ್ಗನ್ ಮೇಲೆ. ಸ್ಕ್ವೈರ್ ಹುಡುಗನಾಗಿದ್ದಾಗ ಚರ್ಚಿನ ಗಾಯಕವೃಂದದಲ್ಲಿ ಹಾಡುತ್ತಿದ್ದರು. ಆಗ ಅವರಿಗೆ ಕಲಿಸಿದವರೇ ಈ ರೋಸ್.

ಆ ಹಾಡಿನಲ್ಲಿ ಬಾಸ್ ಎಷ್ಟು ಮುಂದೆ ಇದೆ ನೋಡಿ. ಅವರ ರಿಕನ್‌ಬ್ಯಾಕರ್ ಬಾಸಿನ ಆ ಗರಗರ ದನಿ, ಪಿಕ್ ತಂತಿಗೆ ತಾಗುವ ಸದ್ದು ಸಮೇತ ಕೇಳುತ್ತದೆ. ಲೀಡ್ ಗಿಟಾರ್ ಇರಬೇಕಾದ ಜಾಗದಲ್ಲೆಲ್ಲ ಬಾಸೇ ನಿಂತಿದೆ. ಮೇಲಿನ ಜಾಗವನ್ನು ಆರ್ಗನ್, ಆರ್ಕೆಸ್ಟ್ರಾ, ಸ್ಯಾಕ್ಸೊಫೋನ್ ತುಂಬಿವೆ. ಇನ್ನೊಂದು ವಿಷಯ, ಅವರ ದನಿ. ಯೆಸ್ ಹಾಡುಗಳಲ್ಲಿ ಆಂಡರ್ಸನ್ ಜೊತೆ ಸೇರಿಕೊಳ್ಳುವ ಆ ಹಾರ್ಮನಿಯಲ್ಲಿ ಸ್ಕ್ವೈರ್ ಪಾಲು ಎಷ್ಟು ದೊಡ್ಡದು ಅಂತ ಗೊತ್ತಾಗುವುದು ಇಲ್ಲಿ ಅವರೊಬ್ಬರೇ ಹಾಡುವುದನ್ನು ಕೇಳಿದ ಮೇಲೇ.

ಉಳಿದ ನಾಲ್ಕರ ಬಗ್ಗೆ ನೀವೆಲ್ಲ ಹೇಳಿ. ಆಮೇಲೆ ನಾನು ಬರುತ್ತೇನೆ.

ಮೃದಂಗದ ಹುಡುಗ

ಒಳ್ಳೇ ವಿಷಯ ಎತ್ತಿದ್ದೀರಿ ಸರ್. ಫಿಶ್ ಔಟ್ ಆಫ್ ವಾಟರ್‌ನಲ್ಲಿ ನನಗೆ ಹುಚ್ಚು ಹಿಡಿಸಿದ್ದು 'ಲಕ್ಕಿ ಸೆವೆನ್'. ಹೆಸರೇ ಹೇಳುವ ಹಾಗೆ ಅದು ಏಳರ ಎಣಿಕೆ. ಮಿಶ್ರಚಾಪು ಕೈಗೆ ಹತ್ತಿದವರಿಗೆ ಅದು ಒಂದು ಕ್ಷಣವೂ ತೊಡಕು ಅನ್ನಿಸುವುದಿಲ್ಲ. ಬಾಸ್ ಗತ್ತು ಏಳರಲ್ಲೇ ಸುತ್ತುತ್ತಾ ಇರುತ್ತದೆ. ಅದರ ಮೇಲೆ ಮೆಲ್ ಕಾಲಿನ್ಸ್ ಸ್ಯಾಕ್ಸೊಫೋನ್ ಆರಾಮಾಗಿ ತೇಲುತ್ತದೆ.

ಬ್ರೂಫರ್ಡ್ ಬಗ್ಗೆ ಒಂದು ಮಾತು. ಅವರ ಸ್ನೇರ್ ಡ್ರಮ್ಮಿನ ದನಿ ಬಹಳ ಬಿಗಿ. ಕಡಿಮೆ ಪೆಟ್ಟು ಹಾಕುತ್ತಾರೆ. ಏಳರ ತಾಳದಲ್ಲಿ ಎಲ್ಲ ಮಾತ್ರೆಯನ್ನೂ ಬಾರಿಸಿ ತೋರಿಸಬೇಕು ಅನ್ನುವ ಆಸೆ ಎಂಥವರಿಗೂ ಬರುತ್ತದೆ. ಇವರು ಹಾಗೆ ಮಾಡುವುದಿಲ್ಲ. ಕೆಲವು ಮಾತ್ರೆ ಸುಮ್ಮನೆ ಬಿಟ್ಟುಬಿಡುತ್ತಾರೆ. ಆ ಬಿಟ್ಟ ಜಾಗಕ್ಕೆ ಬಾಸ್ ಬಂದು ಕೂರುತ್ತದೆ. ಬಾಸ್ ಪ್ರಿಯ ಅವರು ಕೇಳಿದ 'ಏನು ಇಲ್ಲ' ಪ್ರಶ್ನೆಗೆ ಇದೂ ಒಂದು ಉತ್ತರ ಅಲ್ವಾ?

ಅಂದ ಹಾಗೆ ಬ್ರೂಫರ್ಡ್, ಮೆಲ್ ಕಾಲಿನ್ಸ್ ಇಬ್ಬರೂ 1974ರ ಕಿಂಗ್ ಕ್ರಿಮ್ಸನ್ ಆಲ್ಬಂ 'ರೆಡ್'ನಲ್ಲೂ ಇದ್ದರು.

ಕರಾವಳಿ ಕಿವಿ

ಸ್ಕ್ವೈರ್ ಒಳ್ಳೇದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಲಿಯಾಸ್‌ಗೆ ಇಷ್ಟು ಕಡಿಮೆ ಜಾಗ ಕೊಟ್ಟರೆ ಹೇಗೆ ಮಾರಾಯ್ರೇ? 'ಬೇರೆ ಮನುಷ್ಯರೇ ಇಲ್ಲ' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ.

ಆಂಡರ್ಸನ್ ಯಾವತ್ತೂ ತಾನು ದೊಡ್ಡ ವಾದ್ಯಗಾರ ಅಂತ ಹೇಳಿಕೊಂಡವರಲ್ಲ. ಬ್ಯಾಂಡಿನಲ್ಲಿ ಅವರ ಸುತ್ತ ಇದ್ದವರೆಲ್ಲ ಘಟಾನುಘಟಿಗಳು. ಅಂಥವರು ಸೀರ್ ಗ್ರೀನ್‌ನ ತಮ್ಮ ಮನೆಯ ಗ್ಯಾರೇಜಿನಲ್ಲಿ ಹಾರ್ಪ್, ಅಕೂಸ್ಟಿಕ್ ಗಿಟಾರ್, ಸಿಂಥಸೈಸರ್, ತಾಳವಾದ್ಯ ಎಲ್ಲವನ್ನೂ ತಾವೇ ನುಡಿಸಿಕೊಂಡು ಒಂದು ಲೋಕವನ್ನೇ ಕಟ್ಟಿದರು. ಕಥೆ ಏನೆಂದರೆ, ಸನ್‌ಹಿಲೋ ಅನ್ನುವ ಗ್ರಹ ನಾಶವಾಗುವುದರಲ್ಲಿದೆ. ಅಲ್ಲಿ ನಾಲ್ಕು ಕುಲ. ಒಲಿಯಾಸ್ ಎಂಬಾತ ಮೂರ್‌ಗ್ಲೇಡ್ ಅನ್ನುವ ಹಡಗು ಕಟ್ಟುತ್ತಾನೆ. ದಾರಿ ತೋರಿಸುವವನು ರಾನ್ಯಾರ್ಟ್. ಜನರನ್ನು ಒಗ್ಗೂಡಿಸುವವನು ಕೋಕ್ವಾಕ್. ಎಲ್ಲರನ್ನೂ ಹತ್ತಿಸಿಕೊಂಡು ಹೊಸ ನೆಲಕ್ಕೆ ಹೊರಡುತ್ತಾರೆ. ಯೆಸ್‌ನ 1971ರ 'ಫ್ರಾಜೈಲ್' ಆಲ್ಬಂಗೆ ರೋಜರ್ ಡೀನ್ ಬರೆದ ಚಿತ್ರ ಇದೆಯಲ್ಲ, ಒಡೆಯುತ್ತಿರುವ ಪುಟ್ಟ ಗ್ರಹ, ಮೇಲೆ ಹಾರುವ ಹಡಗು, ಅದರಿಂದ ಹುಟ್ಟಿದ ಕಥೆ ಇದು.

ಕಥೆ ಬಿಡಿ, ದನಿ ಕೇಳಿ. 'ಓಷನ್ ಸಾಂಗ್'ನಿಂದ ಹಿಡಿದು ಕೊನೆಯ 'ಟು ದ ರನ್ನರ್'ವರೆಗೆ ಎಲ್ಲೂ ಅವಸರ ಇಲ್ಲ. ಒಂದರ ಮೇಲೊಂದು ಅವರದ್ದೇ ದನಿ ಪದರ ಪದರವಾಗಿ ಕೂತಿದೆ. 'ಮೂನ್ ರಾ' ಭಾಗದಲ್ಲಿ ಹಾಡುವ ಮಾತು ಯಾವ ಭಾಷೆಯದ್ದೂ ಅಲ್ಲ, ಬರೀ ಶಬ್ದ. ಆದರೂ ನೂರು ಜನ ಒಟ್ಟಿಗೆ ಹಾಡಿದ ಹಾಗೆ ಕೇಳುತ್ತದೆ. ಬ್ರಿಟನ್ನಿನ ಪಟ್ಟಿಯಲ್ಲಿ ಇದು 8ನೇ ಸ್ಥಾನಕ್ಕೆ ಹೋಗಿತ್ತು. ಐದರಲ್ಲಿ ಅಷ್ಟು ಮೇಲೆ ಹೋದದ್ದು ಇದೊಂದೇ.

ವಿನೈಲ್ ಪೆಟ್ಟಿಗೆ

ಕರಾವಳಿ ಕಿವಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಈ ಐದೂ ಆಲ್ಬಂಗಳ ಬೀಜ ಫ್ರಾಜೈಲ್‌ನಲ್ಲೇ ಇದೆ. ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚಿಕ್ಕ ಜಾಗ ಕೊಟ್ಟಿದ್ದರು. ಆಂಡರ್ಸನ್ ಅವರದು 'ವಿ ಹ್ಯಾವ್ ಹೆವನ್'. ಬರೀ ದನಿಯ ಮೇಲೆ ದನಿ ಹಾಕಿ ಮಾಡಿದ ಎರಡು ನಿಮಿಷದ ತುಣುಕು. ಅದನ್ನೇ ಒಂದು ಆಲ್ಬಂನಷ್ಟು ಉದ್ದಕ್ಕೆ ಬೆಳೆಸಿದರೆ ಒಲಿಯಾಸ್. ಸ್ಕ್ವೈರ್ ಅವರದು 'ದ ಫಿಶ್'. ಅದರಲ್ಲಿ ಎಳೆ ಎಳೆಯಾಗಿ ಇರುವುದೆಲ್ಲ ಬಾಸೇ. ಹೌ ಅವರದು 'ಮೂಡ್ ಫಾರ್ ಎ ಡೇ', ಒಂದೇ ಗಿಟಾರ್. ಆಗಲೇ ಯಾರು ಎತ್ತ ಹೋಗುತ್ತಾರೆ ಅನ್ನೋದು ನಿಚ್ಚಳವಾಗಿತ್ತು.

ಫಿಶ್ ಅಂದರೆ ಸ್ಕ್ವೈರ್ ಅವರ ಅಡ್ಡಹೆಸರು. ಸ್ನಾನಕ್ಕೆ ಹೋದರೆ ಹೊರಗೆ ಬರಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿದ್ದರಂತೆ. ಹಾಗಾಗಿ ಆಲ್ಬಂಗೂ ಆ ಹೆಸರು.

ಆಂಡರ್ಸನ್ ಒಬ್ಬರೇ ನುಡಿಸಿದ್ದಾರೆ ಅಂದರೆ ಆಗ ತುಂಬ ಜನ ನಂಬಲಿಲ್ಲ. ಗ್ರೀಸಿನ ವ್ಯಾಂಜೆಲಿಸ್ ಸಿಂಥಸೈಸರ್ ನುಡಿಸಿರಬೇಕು ಅನ್ನುವ ಮಾತು ಹಬ್ಬಿತ್ತು. ಆಂಡರ್ಸನ್ ಅದನ್ನು ಅಲ್ಲಗಳೆದಿದ್ದಾರೆ. ಅನುಮಾನ ಬಂದದ್ದು ಸಹಜ. ಮೊರಾಜ್ ಬರುವ ಮೊದಲು ಯೆಸ್‌ಗೆ ವ್ಯಾಂಜೆಲಿಸ್ ಸೇರುವ ಮಾತು ನಡೆದಿತ್ತು. 1975ರಲ್ಲಿ ವ್ಯಾಂಜೆಲಿಸ್ ಅವರ 'ಹೆವನ್ ಅಂಡ್ ಹೆಲ್'ನಲ್ಲಿ ಆಂಡರ್ಸನ್ ಹಾಡಿದ್ದರು. ಆಮೇಲೆ ಇಬ್ಬರೂ ಸೇರಿ ಆಲ್ಬಂಗಳನ್ನೇ ಮಾಡಿದರು.

ಬಾಸ್ ಪ್ರಿಯ

ಫ್ರಾಜೈಲ್ ಮಾತು ಸರಿಯಾಗಿ ಹಿಡಿದಿರಿ. ಒಲಿಯಾಸ್ ನನಗೂ ಇಷ್ಟವೇ. ಆದರೆ ಅದನ್ನು ಕೇಳುವಾಗ ನನ್ನ ಕಿವಿ ಒಂದನ್ನು ಹುಡುಕುತ್ತಾ ಇರುತ್ತದೆ. ಆ ಮೋಡದಂಥ ಸಂಗೀತಕ್ಕೆ ಎದುರು ನಿಲ್ಲುವವರು ಯಾರೂ ಇಲ್ಲ. ಯೆಸ್‌ನ 'ಕ್ಲೋಸ್ ಟು ದ ಎಡ್ಜ್'ನಲ್ಲಿ ಆಂಡರ್ಸನ್ ತೇಲಿ ಹೋಗುತ್ತಿದ್ದರೆ ಕೆಳಗಿನಿಂದ ಬಾಸ್ ಜಗ್ಗುತ್ತದೆ, ಡ್ರಮ್ಸ್ ತಡೆಯುತ್ತದೆ. ಆ ಜಗ್ಗಾಟದಿಂದಲೇ ಅವರ ದನಿಗೆ ಅಷ್ಟು ಬಲ ಬರುತ್ತಿತ್ತು. ಒಲಿಯಾಸ್‌ನಲ್ಲಿ ಜಗ್ಗುವವರಿಲ್ಲ. ಚಂದ ಇದೆ, ಆದರೆ ಪೂರ್ತಿ ಕೇಳಿ ಮುಗಿಸಿದಾಗ ಒಂದು ಪೆಟ್ಟೂ ತಿಂದ ಹಾಗೆ ಅನ್ನಿಸುವುದಿಲ್ಲ.

ಕರಾವಳಿ ಕಿವಿ

ಪೆಟ್ಟು ತಿನ್ನೋದಕ್ಕೆ ಬೇರೆ ನಾಲ್ಕು ಆಲ್ಬಂ ಇವೆಯಲ್ಲ ಮಾರಾಯ್ರೇ. ಇದರ ಉದ್ದೇಶವೇ ಬೇರೆ. ಒಂದು ಜನಾಂಗ ಮನೆ ಬಿಟ್ಟು ಹೊರಡುವ ಕಥೆಯನ್ನು ರಾಕ್ ಡ್ರಮ್ಸ್ ಹಾಕಿ ಹೇಳಿದ್ದರೆ ಅದು ಯುದ್ಧದ ಕಥೆ ಆಗುತ್ತಿತ್ತು. ನೀವು ಯೆಸ್ ಹುಡುಕುತ್ತಾ ಕೇಳುತ್ತೀರಿ, ಅದಕ್ಕೇ ಕೊರತೆ ಕಾಣುತ್ತದೆ. ನಾನು ಇದನ್ನು ಯೆಸ್ ಕೇಳುವ ಮೊದಲೇ ಕೇಳಿದವಳು. ನನಗೆ ಏನೂ ಕಡಿಮೆ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಹಳೇ ಕ್ಯಾಸೆಟ್

ಹೌ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ಗೊತ್ತು ಯಾಕೆ ಅಂತ. ದನಿ.

ಒಪ್ಪುತ್ತೇನೆ, ಅವರು ಹಾಡಬಾರದಿತ್ತು. 'ಬಿಗಿನಿಂಗ್ಸ್' ಬಂದಾಗಿನಿಂದ ಎಲ್ಲರೂ ಹೇಳಿದ ಮಾತು ಅದು. ಶ್ರುತಿ ಅಲುಗಾಡುತ್ತದೆ, ಉಸಿರು ಸಾಲುವುದಿಲ್ಲ. 'ಡೋರ್ಸ್ ಆಫ್ ಸ್ಲೀಪ್', 'ಆಸ್ಟ್ರೇಲಿಯಾ' ಎರಡರಲ್ಲೂ ಒಳ್ಳೆಯ ರಾಗ ಇದೆ. ಬೇರೆ ಗಾಯಕ ಹಾಡಿದ್ದರೆ ಇವತ್ತು ನಾವು ಬೇರೆಯೇ ಮಾತಾಡುತ್ತಿದ್ದೆವು. ಆದರೆ ದನಿ ಕೆಟ್ಟಿದೆ ಅಂತ ಇಡೀ ಆಲ್ಬಂ ಬದಿಗಿಡುವುದು ನ್ಯಾಯ ಅಲ್ಲ.

ದಯವಿಟ್ಟು 'ರಾಮ್' ಅನ್ನುವ ಚಿಕ್ಕ ತುಣುಕು ಕೇಳಿ. ಬೇರೆ ಯಾರೂ ಇಲ್ಲ. ಗಿಟಾರ್, ಬ್ಯಾಂಜೊ ಎಲ್ಲ ಅವರೇ ನುಡಿಸಿ ಒಂದರ ಮೇಲೊಂದು ಸೇರಿಸಿದ್ದಾರೆ. ಅಮೆರಿಕದ ಹಳ್ಳಿಗಾಡಿನ ಗಿಟಾರ್ ಪರಂಪರೆಯ ಮೇಲೆ ಅವರಿಗಿದ್ದ ಪ್ರೀತಿ ಎಲ್ಲ ಅದರಲ್ಲಿದೆ. ಹೆಬ್ಬೆರಳು ತಾಳ ಹಿಡಿದಿರುತ್ತದೆ, ಉಳಿದ ಬೆರಳುಗಳು ರಾಗ ಹೇಳುತ್ತವೆ. ಆಮೇಲೆ ಶೀರ್ಷಿಕೆ ಗೀತೆ 'ಬಿಗಿನಿಂಗ್ಸ್'. ಅದು ಬೇರೆಯೇ ಲೋಕ. ಚೇಂಬರ್ ಆರ್ಕೆಸ್ಟ್ರಾ ಜೊತೆ ಗಿಟಾರ್. ಆ ಆರ್ಕೆಸ್ಟ್ರಾ ಭಾಗ ಹೊಂದಿಸಿಕೊಟ್ಟವರು ಮೊರಾಜ್. ಮೊರಾಜ್ ಅಂದರೆ ಬರೀ ಗಲಾಟೆ ಅಂದುಕೊಂಡವರು ಇದನ್ನು ಕೇಳಬೇಕು. ಎಷ್ಟು ಅಚ್ಚುಕಟ್ಟು, ಎಷ್ಟು ಮಿತ!

ಇನ್ನೊಂದು. ಈ ಆಲ್ಬಂನಲ್ಲಿ ಬ್ರೂಫರ್ಡ್, ವೈಟ್ ಇಬ್ಬರೂ ಡ್ರಮ್ಸ್ ನುಡಿಸಿದ್ದಾರೆ. ಹಳೇ ಡ್ರಮ್ಮರ್, ಹೊಸ ಡ್ರಮ್ಮರ್ ಒಂದೇ ಆಲ್ಬಂನಲ್ಲಿ. ಮುಖಪುಟದ ಚಿತ್ರ ರೋಜರ್ ಡೀನ್ ಅವರದು. ನೋಡಿದರೆ ಯೆಸ್ ಆಲ್ಬಂ ಅಂತಲೇ ಅನ್ನಿಸುತ್ತದೆ.

ಹೊಸ ಕೇಳುಗ

ಎಲ್ಲರಿಗೂ ನಮಸ್ಕಾರ. ನಾನು ಕ್ಲೋಸ್ ಟು ದ ಎಡ್ಜ್, ಫ್ರಾಜೈಲ್, ರಿಲೇಯರ್ ಮೂರು ಮಾತ್ರ ಕೇಳಿದ್ದೇನೆ. ಒಂದು ಪ್ರಶ್ನೆ. ಸೋಲೊ ಆಲ್ಬಂ ಅಂದರೆ ಮೊದಲು ನೆನಪಾಗುವುದು ರಿಕ್ ವೇಕ್‌ಮನ್ ಅಲ್ವಾ? ಅವರನ್ನು ಯಾಕೆ ಬಿಟ್ಟಿದ್ದೀರಿ?

ಬಾಸ್ ಪ್ರಿಯ

ಸ್ವಾಗತ. ಈ ಐವರೂ ಒಂದೇ ಬ್ಯಾಂಡಿನಿಂದ, ಒಂದೇ ಬಿಡುವಿನಲ್ಲಿ, ಸರಿಸುಮಾರು ಒಂದೇ ಹೊತ್ತಿಗೆ ಕೆಲಸ ಮಾಡಿದವರು. ಹಾಗಾಗಿ ಹೋಲಿಸುವುದಕ್ಕೆ ಅರ್ಥ ಇದೆ. ವೇಕ್‌ಮನ್ ಅದಕ್ಕೂ ಮೊದಲೇ ತಮ್ಮ ದಾರಿ ಹಿಡಿದಿದ್ದರು. 1973ರಲ್ಲಿ ಎಂಟನೇ ಹೆನ್ರಿಯ ಆರು ಹೆಂಡತಿಯರ ಮೇಲಿನ ಆಲ್ಬಂ. ಅದರಲ್ಲಿ ಹೌ, ಸ್ಕ್ವೈರ್, ಬ್ರೂಫರ್ಡ್, ವೈಟ್ ಎಲ್ಲರೂ ಬಂದು ನುಡಿಸಿ ಹೋಗಿದ್ದಾರೆ. 1974ರಲ್ಲಿ 'ಜರ್ನಿ ಟು ದ ಸೆಂಟರ್ ಆಫ್ ದ ಅರ್ಥ್', ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಆರ್ಕೆಸ್ಟ್ರಾ, ಕೋರಸ್ ಸಮೇತ ಕಛೇರಿಯಲ್ಲೇ ಮುದ್ರಿಸಿದ್ದು. ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅಷ್ಟು ದೊಡ್ಡ ಗೆಲುವು ಎದುರಿಗೇ ಇದ್ದಾಗ ಉಳಿದವರಿಗೂ ತಮ್ಮದೊಂದು ಮಾಡಬೇಕು ಅನ್ನಿಸಿದ್ದರೆ ಅಚ್ಚರಿ ಇಲ್ಲ. ವೇಕ್‌ಮನ್ ಬಗ್ಗೆ ಬೇರೆಯೇ ಚರ್ಚೆ ಬೇಕು, ಇಲ್ಲಿ ಹಿಡಿಸುವುದಿಲ್ಲ.

ಕೀಬೋರ್ಡ್ ಕೋಣೆ

'ಸಾಕು ಅನ್ನುವವರು ಇಲ್ಲ' ಅಂತ ಮೊರಾಜ್ ಮೇಲೆ ಮೊದಲ ಪೋಸ್ಟಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀರಿ. ನಾನು ಒಪ್ಪುವುದಿಲ್ಲ. ಐದರಲ್ಲಿ ಯೆಸ್‌ನಿಂದ ನಿಜವಾಗಿ ಹೊರಗೆ ಕಾಲಿಟ್ಟು, ಹೊಸದೊಂದನ್ನು ಹೊತ್ತು ತಂದ ಆಲ್ಬಂ ಇದೊಂದೇ.

ಮೊರಾಜ್ ಅದರ ಒಂದು ಭಾಗವನ್ನು ಬ್ರೆಜಿಲ್ಲಿನ ರಿಯೊ ಡಿ ಜನೈರೊದಲ್ಲಿ, ಅಲ್ಲಿನ ತಾಳವಾದ್ಯಗಾರರನ್ನು ಗುಂಪಾಗಿ ಕೂರಿಸಿಕೊಂಡು ಮುದ್ರಿಸಿದರು. 1975ರಲ್ಲಿ ಸಾಂಬಾ ತಾಳವನ್ನೂ ಮೂಗ್ ಕಂಪನಿಯ ಸಿಂಥಸೈಸರನ್ನೂ ಈ ಪ್ರಮಾಣದಲ್ಲಿ ಬೆಸೆದ ರಾಕ್ ಸಂಗೀತಗಾರರು ಎಷ್ಟು ಜನ? ಅದು ಹಿನ್ನೆಲೆಯಲ್ಲಿ ಅಲಂಕಾರಕ್ಕೆ ಇಟ್ಟ ತಾಳ ಅಲ್ಲ. 'ಕಶಾಸಾ' ಕೇಳಿ. ಕೀಬೋರ್ಡ್ ಹೋಗಿ ತಾಳದ ಒಳಗೆ ಕೂತಿದೆ. ಬಾಸ್ ನುಡಿಸಿದವರು ಜೆಫ್ ಬರ್ಲಿನ್, ಆಗಿನ್ನೂ ಚಿಕ್ಕ ವಯಸ್ಸು. ಡ್ರಮ್ಸ್‌ಗೆ ಆಲ್ಫೋನ್ಸ್ ಮೂಜೋನ್, ಆಂಡಿ ನ್ಯೂಮಾರ್ಕ್. ಗಿಟಾರ್ ರೇ ಗೋಮೆಜ್. ಇವರೆಲ್ಲ ಜ್ಯಾಜ್ ಫ್ಯೂಷನ್, ಫಂಕ್ ಕಡೆಯವರು. ಮುಂದೆ ಬ್ರೂಫರ್ಡ್ ತಮ್ಮ ಬ್ಯಾಂಡ್ ಕಟ್ಟಿದಾಗ ಬಾಸ್‌ಗೆ ಕರೆದದ್ದು ಇದೇ ಜೆಫ್ ಬರ್ಲಿನ್ ಅವರನ್ನು.

ಕಥೆ ಕೂಡ ಗಟ್ಟಿ ಇದೆ. ಕಾಡಿನ ನಡುವೆ ಒಂದು ಭಾರೀ ಗೋಪುರ. ಲೋಕದ ಎಲ್ಲ ಕಡೆಯಿಂದ ಜನ ಅದರ ಸೆಳೆತಕ್ಕೆ ಸಿಕ್ಕಿ ಬರುತ್ತಾರೆ. ಬಯಸಿದ್ದೆಲ್ಲ ಒಳಗೆ ಸಿಗುತ್ತದೆ. ಹೊರಗೆ ಬರುವ ದಾರಿ ಮಾತ್ರ ಕಷ್ಟ. ಸಂಗೀತದಲ್ಲಿ ಎಲ್ಲವೂ ಮಿತಿ ಮೀರಿ ತುಂಬಿದೆ ಅಂತ ದೂರುವವರು ಈ ಕಥೆ ನೆನಪಿಡಬೇಕು. ಆ ಗೋಪುರದ ಒಳಗೆ ಹೋದವನಿಗೆ ಆಗುವ ಅಮಲು ಅದು.

ಬಾಸ್ ಪ್ರಿಯ

ಕಥೆಗೆ ತಕ್ಕ ಹಾಗೆ ಸಂಗೀತ ಕಿಕ್ಕಿರಿದಿದೆ ಅನ್ನುವ ಮಾತು ಚೆನ್ನಾಗಿದೆ. ಆ ಕಿವಿಯಿಂದ ಮತ್ತೆ ಕೇಳುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇದೇ ಮೊರಾಜ್ 'ಬಿಗಿನಿಂಗ್ಸ್'ನಲ್ಲಿ ಎಷ್ಟು ಮಿತವಾಗಿದ್ದಾರೆ ಅಂತ ಹಳೇ ಕ್ಯಾಸೆಟ್ ಹೇಳಿದರು. ಫಿಶ್ ಔಟ್ ಆಫ್ ವಾಟರ್‌ನ 'ಸೈಲೆಂಟ್ಲಿ ಫಾಲಿಂಗ್'ನಲ್ಲಿ ಆರ್ಗನ್ ಅವರದೇ. ಹನ್ನೊಂದು ನಿಮಿಷದ ಹಾಡು. ನಡುವೆ ಆರ್ಗನ್ ಏರುತ್ತಾ ಏರುತ್ತಾ ಹೋಗುತ್ತದೆ. ನನ್ನ ಪ್ರಕಾರ ಅವರ ಜೀವನದ ಅತ್ಯುತ್ತಮ ನುಡಿಸಾಣಿಕೆಗಳಲ್ಲಿ ಅದೊಂದು. ಅಂದರೆ ಬೇರೆಯವರ ಚೌಕಟ್ಟಿನೊಳಗೆ ಇದ್ದಾಗ ಅವರು ಇನ್ನೂ ಹೊಳೆಯುತ್ತಾರೆ. ನಾನು ಹೇಳಲು ಹೊರಟದ್ದು ಇದನ್ನೇ. ಇದರಲ್ಲಿ ಅವರನ್ನು ಕೀಳು ಮಾಡುವ ಉದ್ದೇಶ ಇಲ್ಲ.

ಕೀಬೋರ್ಡ್ ಕೋಣೆ

'ಸೈಲೆಂಟ್ಲಿ ಫಾಲಿಂಗ್' ಬಗ್ಗೆ ಪೂರ್ತಿ ಒಪ್ಪಿದೆ. ಆದರೆ ಒಬ್ಬ ಸಂಗೀತಗಾರ ಯಾವಾಗಲೂ ಬೇರೆಯವರ ಚೌಕಟ್ಟಿನಲ್ಲೇ ಹೊಳೆಯಬೇಕು ಅಂತ ಏನಿಲ್ಲ. ಮೊರಾಜ್ 1976ರಲ್ಲೇ ಯೆಸ್‌ನಿಂದ ಹೊರಬೀಳಬೇಕಾಯಿತು. ಅವರಿಗೆ ಆ ಬ್ಯಾಂಡಿನಲ್ಲಿ ಸಿಕ್ಕಿದ್ದು ಒಂದೇ ಒಂದು ಸ್ಟುಡಿಯೊ ಆಲ್ಬಂ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಮಗೆ ಪೂರ್ತಿ ಗೊತ್ತಾಗುವುದು 'ದ ಸ್ಟೋರಿ ಆಫ್ ಐ'ನಿಂದ ಮಾತ್ರ. ಅದಕ್ಕೇ ನನಗೆ ಅದರ ಮೇಲೆ ಇಷ್ಟು ಅಕ್ಕರೆ.

ಮೃದಂಗದ ಹುಡುಗ

ಆಲನ್ ವೈಟ್ ಪರ ಒಬ್ಬರಾದರೂ ಮಾತಾಡಬೇಕಲ್ಲ, ನಾನೇ ಮಾತಾಡುತ್ತೇನೆ.

'ರಾಮ್‌ಶಾಕಲ್ಡ್' ಪ್ರೊಗ್ರೆಸಿವ್ ರಾಕ್ ಅಲ್ಲವೇ ಅಲ್ಲ. ಯೆಸ್‌ಗೆ ಬರುವ ಮೊದಲು ಜೊತೆಗಿದ್ದ ಹಳೇ ಗೆಳೆಯರನ್ನು ಸೇರಿಸಿಕೊಂಡು ಮಾಡಿದ್ದು. ಸೋಲ್, ಫಂಕ್, ಒಂದು ಕಡೆ ರೆಗ್ಗೆ. ಹಾಡುಗಳೂ ಬಹುಪಾಲು ಆ ಗೆಳೆಯರವೇ. ಯೆಸ್ ಅಭಿಮಾನಿಗಳು ಇದನ್ನು ಹಾಕಿ ಕೇಳಿ ನಿರಾಸೆಯಿಂದ ತೆಗೆದಿಟ್ಟದ್ದು ಅರ್ಥವಾಗುತ್ತದೆ. ಆದರೆ ಈ ಮನುಷ್ಯ ಯಾರು ಅಂತ ಯೋಚಿಸಿ. ಜಾನ್ ಲೆನನ್ ಜೊತೆ 1969ರಲ್ಲಿ ಟೊರಾಂಟೊದಲ್ಲಿ ನುಡಿಸಿದವರು. 'ಇಮ್ಯಾಜಿನ್' ಹಾಡಿನ ಡ್ರಮ್ಸ್ ಅವರದು. ಹಾಡಿಗೆ ಬೇಕಾದಷ್ಟೇ ನುಡಿಸಿ ಪಕ್ಕಕ್ಕೆ ನಿಲ್ಲುವುದು ಅವರ ಗುಣ. ತಮ್ಮ ಹೆಸರಿನ ಆಲ್ಬಂನಲ್ಲೂ ಹಾಗೇ ಮಾಡಿದರು. ಡ್ರಮ್ ಸೋಲೊ ಹಾಕಿ ಮೆರೆಯಲಿಲ್ಲ.

ಒಂದೇ ಒಂದು ಕಡೆ ಯೆಸ್ ಇಣುಕುತ್ತದೆ, 'ಸ್ಪ್ರಿಂಗ್ - ಸಾಂಗ್ ಆಫ್ ಇನೊಸೆನ್ಸ್'ನಲ್ಲಿ. ಸಾಹಿತ್ಯ ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್ ಅವರದು. ಹಾಡಿದವರು ಆಂಡರ್ಸನ್, ಗಿಟಾರ್ ಹೌ. ಇಡೀ ಆಲ್ಬಂನಲ್ಲಿ ಅದು ಬಂದ ಕೂಡಲೇ ಕೋಣೆಯ ಬೆಳಕೇ ಬದಲಾದ ಹಾಗೆ ಆಗುತ್ತದೆ. ನನ್ನ ಲೆಕ್ಕದಲ್ಲಿ ಐದರಲ್ಲಿ ಇದು ಕೊನೆಯದೇ. ಆದರೆ ಸುಳ್ಳು ಹೇಳದ ಆಲ್ಬಂ.

ವಿನೈಲ್ ಪೆಟ್ಟಿಗೆ

ಬೇರೆ ಬ್ಯಾಂಡುಗಳಲ್ಲೂ ಈ ಗಾಳಿ ಬೀಸುತ್ತಿತ್ತು. 1975ರಲ್ಲೇ ಜೆನೆಸಿಸ್‌ನ ಸ್ಟೀವ್ ಹ್ಯಾಕೆಟ್ 'ವಾಯೇಜ್ ಆಫ್ ದ ಅಕೊಲೈಟ್' ಮಾಡಿದರು. ಅದರಲ್ಲಿ ಫಿಲ್ ಕಾಲಿನ್ಸ್, ಮೈಕ್ ರದರ್‌ಫರ್ಡ್ ಇಬ್ಬರೂ ಇದ್ದಾರೆ. ಹಾಗಾಗಿ ಅದು ಅರ್ಧ ಜೆನೆಸಿಸ್. ಯೆಸ್‌ನವರಲ್ಲಿ ಆ ಥರ ಆಗಲಿಲ್ಲ. ಆಗೊಮ್ಮೆ ಈಗೊಮ್ಮೆ ಒಬ್ಬರ ಮನೆಗೆ ಒಬ್ಬರು ಹೋಗಿ ಬಂದರು. ಆದರೆ ಐದು ಆಲ್ಬಂಗಳಲ್ಲಿ ಒಂದಕ್ಕೂ ಇನ್ನೊಂದರ ಮುಖ ಇಲ್ಲ. ಕಣ್ಣು ಮುಚ್ಚಿ ಕೇಳಿದರೂ ಯಾವುದು ಯಾರದ್ದು ಹೇಳಬಹುದು.

ಕೊಳ್ಳುವವರಿಗೆ ಒಂದು ಸಲಹೆ. ಫಿಶ್ ಔಟ್ ಆಫ್ ವಾಟರ್ ಕೇಳುವುದಾದರೆ 2018ರಲ್ಲಿ ಜಾಕೊ ಜಾಕ್ಸಿಕ್ ಮಾಡಿದ ಹೊಸ ಮಿಕ್ಸ್ ಹುಡುಕಿ. ಹಳೆಯದರಲ್ಲಿ ಆರ್ಕೆಸ್ಟ್ರಾ ಸ್ವಲ್ಪ ಮಂಕಾಗಿದೆ. ಹೊಸದರಲ್ಲಿ ಬಾಸ್ ಒಂದು ಕಡೆ, ಪಿಟೀಲು ಒಂದು ಕಡೆ, ಕೊಳಲು ಒಂದು ಕಡೆ ಬಿಡಿಬಿಡಿಯಾಗಿ ಕೇಳುತ್ತವೆ.

ಹಳೇ ಕ್ಯಾಸೆಟ್

ಬಾಸ್ ಪ್ರಿಯ ಅವರ ಮೂಲ ಪ್ರಶ್ನೆಗೆ ಮರಳುತ್ತೇನೆ. 'ಏನು ಇಲ್ಲ' ಅನ್ನೋದು ಗೊತ್ತಾದ ಮೇಲೆ ಇವರೇನಾದರೂ ಕಲಿತರಾ? ಹೌ ಖಂಡಿತ ಕಲಿತರು. 1979ರಲ್ಲಿ ಬಂದ 'ದ ಸ್ಟೀವ್ ಹೌ ಆಲ್ಬಂ' ತೆಗೆದುಕೊಳ್ಳಿ. ಹಾಡುವುದನ್ನು ಬಹುತೇಕ ಬಿಟ್ಟರು. ಒಂದು ಹಾಡಿಗೆ ಕ್ಲೇರ್ ಹ್ಯಾಮಿಲ್ ಅವರನ್ನು ಕರೆದರು. ಉಳಿದದ್ದು ಬಹುಪಾಲು ಗಿಟಾರ್. ಹಳೇ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕಾರ ವಿವಾಲ್ಡಿಯ ಕೃತಿಯ ಒಂದು ಭಾಗವನ್ನು ಕೂಡ ಅದರಲ್ಲಿ ನುಡಿಸಿದ್ದಾರೆ. ನನ್ನನ್ನು ಕೇಳಿದರೆ, ಹೌ ಅವರ ನಿಜವಾದ ಸೋಲೊ ಆಲ್ಬಂ ಅದೇ. ಬಿಗಿನಿಂಗ್ಸ್ ಅದಕ್ಕೆ ಹಾಕಿದ ಅಡಿಪಾಯ.

ಬಾಸ್ ಪ್ರಿಯ

ಒಳ್ಳೇ ಪ್ರಶ್ನೆ. ಬ್ಯಾಂಡಿನ ಮಟ್ಟದಲ್ಲೂ ಇದಕ್ಕೆ ಉತ್ತರ ಇದೆ. ಅದು 'ಪ್ಯಾರಲಲ್ಸ್' ಅನ್ನುವ ಹಾಡು.

ಸ್ಕ್ವೈರ್ ಅದನ್ನು ಬರೆದದ್ದು ಫಿಶ್ ಔಟ್ ಆಫ್ ವಾಟರ್ ಮಾಡುತ್ತಿದ್ದಾಗ. ಆ ಆಲ್ಬಂಗೆ ಅದು ಹೊಂದಲಿಲ್ಲ, ರೆಕಾರ್ಡಿನಲ್ಲಿ ಜಾಗವೂ ಸಾಲಲಿಲ್ಲ. ಪಕ್ಕಕ್ಕಿಟ್ಟರು. ಆಮೇಲೆ ಬ್ಯಾಂಡ್ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಮತ್ತೆ ಸೇರಿತು. ಮೊರಾಜ್ ಹೋದರು, ವೇಕ್‌ಮನ್ ವಾಪಸ್ ಬಂದರು. 1977ರಲ್ಲಿ 'ಗೋಯಿಂಗ್ ಫಾರ್ ದ ಒನ್' ಬಂತು. ಅದರಲ್ಲಿ ಈ ಹಾಡು ಇದೆ. ವೇಕ್‌ಮನ್ ಪಕ್ಕದ ಊರು ವೆವೆಯ ಚರ್ಚಿನಲ್ಲಿ ಕೂತು ಪೈಪ್ ಆರ್ಗನ್ ನುಡಿಸಿದರು. ಉಳಿದವರು ಮಾಂಟ್ರೋದ ಸ್ಟುಡಿಯೊದಲ್ಲಿ. ನಡುವೆ ಸಂಪರ್ಕಕ್ಕೆ ಟೆಲಿಫೋನ್ ಲೈನ್.

ಈಗ 'ಹೋಲ್ಡ್ ಔಟ್ ಯುವರ್ ಹ್ಯಾಂಡ್', 'ಪ್ಯಾರಲಲ್ಸ್' ಎರಡನ್ನೂ ಬೆನ್ನುಬೆನ್ನಿಗೆ ಹಾಕಿ ಕೇಳಿ. ಎರಡೂ ಸ್ಕ್ವೈರ್ ಅವರದೇ. ಎರಡರಲ್ಲೂ ಚರ್ಚಿನ ಆರ್ಗನ್, ಎರಡರಲ್ಲೂ ಬಾಸ್ ಮುಂದೆ ನಿಂತಿದೆ. ಆದರೆ ಎರಡನೆಯದರಲ್ಲಿ ಹೌ ಇದ್ದಾರೆ. ಬಾಸ್ ಒಂದು ಸಾಲು ಹೇಳಿದ ಕೂಡಲೇ ಗಿಟಾರ್ ಅದಕ್ಕೆ ಎದುರುತ್ತರ ಕೊಡುತ್ತದೆ, ಸುಮ್ಮನೆ ಕೂರುವುದೇ ಇಲ್ಲ. ಮೇಲೆ ಆಂಡರ್ಸನ್ ಹಾಡುತ್ತಾರೆ, ಪಕ್ಕದಲ್ಲಿ ಸ್ಕ್ವೈರ್ ಹಾರ್ಮನಿ. ಕೆಳಗೆ ವೈಟ್ ಒಂದೂ ಪೆಟ್ಟು ಜಾಸ್ತಿ ಇಲ್ಲದೆ ನೇರವಾಗಿ ತಳ್ಳುತ್ತಾ ಹೋಗುತ್ತಾರೆ. ಸೋಲೊ ಆಲ್ಬಂಗಳಲ್ಲಿ ಒಬ್ಬೊಬ್ಬರಿಗೂ ಕಾಣೆಯಾಗಿದ್ದ ಭಾಗ ಇಲ್ಲಿ ಆರೇ ನಿಮಿಷದೊಳಗೆ ಜಾಗಕ್ಕೆ ಬಂದು ಕೂತಿದೆ.

ಅದೇ ಆಲ್ಬಂನ 'ಅವೇಕನ್' ಕೂಡ ಹಾಗೇ. ಅದರ ನಡುವೆ ಒಂದು ನಿಧಾನದ ಭಾಗ ಇದೆ, ಹಾರ್ಪ್, ಆರ್ಗನ್ ಎರಡೇ ಮೆಲ್ಲಗೆ ಮಾತಾಡಿಕೊಳ್ಳುವಂಥದ್ದು. ಹಾರ್ಪ್ ನುಡಿಸುವವರು ಆಂಡರ್ಸನ್. ಒಲಿಯಾಸ್ ಮಾಡದೇ ಇದ್ದಿದ್ದರೆ ಅವರು ಬ್ಯಾಂಡಿನ ನಡುವೆ ಹಾರ್ಪ್ ಹಿಡಿದು ಕೂರುವ ಧೈರ್ಯ ಮಾಡುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಕರಾವಳಿ ಕಿವಿ

ಅವೇಕನ್‌ನ ಹಾರ್ಪ್ ಮಾತು ಹೇಳಿ ನನ್ನ ಬಾಯಿ ಕಟ್ಟಿದಿರಿ. ಅದು ನಿಜ. ಆ ಭಾಗ ಕೇ‍ಳುವಾಗ ಒಲಿಯಾಸ್‌ನ ಗಾಳಿಯೇ ಬೀಸುತ್ತದೆ. ಆದರೂ ನನ್ನ ಪಟ್ಟಿಯಲ್ಲಿ ಒಲಿಯಾಸ್ ಒಂದನೇದು, ಸ್ಕ್ವೈರ್ ಎರಡನೇದು. ಇದನ್ನು ಬದಲಾಯಿಸುವುದಿಲ್ಲ.

ಹೊಸ ಕೇಳುಗ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಫಿಶ್ ಔಟ್ ಆಫ್ ವಾಟರ್ ಪೂರ್ತಿ ಕೇಳಿದೆ. ಕೊನೆಯ 'ಸೇಫ್' ಹದಿನೈದು ನಿಮಿಷ. ಒಂದೇ ಚಿಕ್ಕ ರಾಗ, ಆರ್ಕೆಸ್ಟ್ರಾದಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ದೊಡ್ಡದಾಗುತ್ತಾ ಹೋಗುತ್ತದೆ. ಬಾಸ್ ಎಲ್ಲೂ ಅದರ ಕೆಳಗೆ ಮುಳುಗುವುದಿಲ್ಲ. ಇಷ್ಟು ದೊಡ್ಡ ಆರ್ಕೆಸ್ಟ್ರಾ ಭಾಗವನ್ನು ಸ್ಕ್ವೈರ್ ಒಬ್ಬರೇ ಬರೆದರಾ? ಯಾರ ಸಹಾಯ ಇತ್ತು?

ಬಾಸ್ ಪ್ರಿಯ

ಆಂಡ್ರ್ಯೂ ಪ್ರೈಸ್ ಜಾಕ್‌ಮನ್. ಈ ಹೆಸರು ಇಷ್ಟು ಹೊತ್ತಿಗಾಗಲೇ ಬರಬೇಕಿತ್ತು. ಸ್ಕ್ವೈರ್ ಜೊತೆ ಅದೇ ಚರ್ಚಿನ ಗಾಯಕವೃಂದದಲ್ಲಿ ಹಾಡಿದ ಹುಡುಗ. ಆಮೇಲೆ ಯೆಸ್‌ಗೂ ಮೊದಲು ಇಬ್ಬರೂ 'ದ ಸಿನ್' ಅನ್ನುವ ಬ್ಯಾಂಡಿನಲ್ಲಿದ್ದರು. ಈ ಆಲ್ಬಂನ ಆರ್ಕೆಸ್ಟ್ರಾ ಹೊಂದಿಸಿದ್ದು, ನಡೆಸಿದ್ದು, ಪಿಯಾನೊ ನುಡಿಸಿದ್ದು ಅವರೇ. ಎಲ್ಲಿ ಬಾಸ್‌ಗೆ ಜಾಗ ಬಿಡಬೇಕು ಅನ್ನೋದು ಅವರಿಗೆ ಹುಡುಗನಾಗಿದ್ದಾಗಿನಿಂದ ಗೊತ್ತಿತ್ತು. ಹಳೇ ಕ್ಯಾಸೆಟ್ ಹೇಳಿದ 1979ರ ಹೌ ಆಲ್ಬಂನಲ್ಲಿ 'ಡಬಲ್ ರಾಂಡೊ' ಅಂತ ಒಂದಿದೆ, ಗಿಟಾರ್ ಜೊತೆ ಆರ್ಕೆಸ್ಟ್ರಾ. ಆ ಆರ್ಕೆಸ್ಟ್ರಾ ಕೆಲಸವೂ ಜಾಕ್‌ಮನ್ ಅವರದೇ. 'ಸೇಫ್' ಆದ ಮೇಲೆ ಅದನ್ನು ಕೇಳಿ. ಬಾಸ್ ಮುಂದೆ ಇದ್ದಾಗ ಹೇಗೆ ಬರೆಯುತ್ತಾರೆ, ಗಿಟಾರ್ ಮುಂದೆ ಇದ್ದಾಗ ಹೇಗೆ ಬರೆಯುತ್ತಾರೆ ಅನ್ನೋದು ಗಮನಿಸಿ, ಇಲ್ಲೇ ಬಂದು ಹೇಳಿ.